ಒಂದು ಪಾದಕ್ಕೆ ಮೂರು ಕಡತ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಮೊನ್ನೆ ಬಂದ ಪುಟ್ಟ ಸುದ್ದಿಯೊಂದನ್ನು ಓದಿದೆ. ಮುಳುಗುತ್ತಿರುವ ಪೆಸಿಫಿಕ್ ದ್ವೀಪಗಳಿಗೆ ಅಮೆರಿಕದ ನೆರವು ಎಂದು ತಲೆಬರಹ, ಪಕ್ಕದಲ್ಲಿ ನೀಲಿ ನೀರು ಮತ್ತು ತೆಂಗಿನ ಮರದ ಚಿತ್ರ. ಸುದ್ದಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ 'ನೆರವು' ಎಂಬ ಒಂದು ಪದ ಎರಡು ದಿನ ನನ್ನ ತಲೆಯೊಳಗೆ ಕೂತುಬಿಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಬಲ್ಲೆ. ಕತ್ತರಿಸಲೇಬೇಕಾದರೆ ಅಂಕಿ ಸಂಖ್ಯೆ ಕತ್ತರಿಸಿ. ಒಬ್ಬ ಮನುಷ್ಯರ ಪಾದದ ಸಂಗತಿ ಇದೆ, ಅದನ್ನು ಮಾತ್ರ ದಯವಿಟ್ಟು ಉಳಿಸಿ.

ನಾನು ನರ್ಸ್ ಆಗಿದ್ದವಳು. 2009ರಿಂದ 2018ರವರೆಗೆ ಮಾರ್ಷಲ್ ದ್ವೀಪಗಳ ರಾಜಧಾನಿ ಮಜುರೊದಲ್ಲಿ ಸಕ್ಕರೆ ಕಾಯಿಲೆಯವರ ಗಾಯ ತೊಳೆದು ಪಟ್ಟಿ ಕಟ್ಟುವುದೇ ನನ್ನ ಕೆಲಸವಾಗಿತ್ತು. ಈಗ ನಿವೃತ್ತಳಾಗಿ ಅಮೆರಿಕದ ಹವಾಯಿಯ ಹೊನೊಲುಲುವಿನಲ್ಲಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ನಿಮ್ಮ ಪತ್ರಿಕೆ ಓದುವುದು ಬಹಳ ವರ್ಷಗಳ ರೂಢಿ.

ಮಜುರೊ ಹೇಗಿದೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಗರದ ನಡುವೆ ಹವಳ ಬೆಳೆದು ಉಂಗುರದ ಹಾಗೆ ನಿಂತ ತೆಳುವಾದ ನೆಲ ಅದು. ಉಂಗುರದ ಹೊರಗೆ ಅಬ್ಬರದ ಕಡಲು, ಒಳಗೆ ಲಗೂನಿನ ಶಾಂತ ನೀರು, ನಡುವೆ ಉದ್ದಕ್ಕೂ ಒಂದೇ ರಸ್ತೆ. ಎಷ್ಟೋ ಕಡೆ ರಸ್ತೆಯ ಮೇಲೆ ನಿಂತರೆ ಎರಡೂ ಬದಿಯ ನೀರು ಕಾಣುತ್ತದೆ. ಇಂಥ 29 ಹವಳದ ಉಂಗುರಗಳು, 5 ಬಿಡಿ ದ್ವೀಪಗಳು ಸೇರಿದರೆ ಮಾರ್ಷಲ್ ದೇಶ. ಸಮುದ್ರಮಟ್ಟದಿಂದ ಸರಾಸರಿ ಎತ್ತರ ಸುಮಾರು 2 ಮೀಟರ್. ಓಡಿಹೋಗಿ ಹತ್ತಿ ನಿಲ್ಲೋಣವೆಂದರೆ ಒಂದು ಗುಡ್ಡವಿಲ್ಲ. 2011ರ ಜನಗಣತಿಯಲ್ಲಿ 53 ಸಾವಿರ ಜನರಿದ್ದರು, 2021ರಲ್ಲಿ 42 ಸಾವಿರ. ಉಳಿದವರು ಸತ್ತಿಲ್ಲ, ವಿಮಾನ ಹತ್ತಿ ಹೋಗಿದ್ದಾರೆ.

ಅಲ್ಲಿ ಜೆನ್ರೋಕ್ ಎಂಬ ಕೇರಿಯಲ್ಲಿ ಒಬ್ಬರಿದ್ದರು. ಹೆಸರು ಬರೆಯುವುದಿಲ್ಲ. ಅಮೆರಿಕದ ಸೈನ್ಯದಲ್ಲಿದ್ದು, ಇರಾಕಿಗೆ ಎರಡು ಸಲ ಹೋಗಿ ಬಂದವರು. ಕೇರಿಯವರೆಲ್ಲ ಅವರನ್ನು ಸಾರ್ಜೆಂಟ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬೇರೆ ದೇಶದವರು ಅಮೆರಿಕದ ಸೈನ್ಯಕ್ಕೆ ಹೇಗೆ ಹೋದರು ಎಂದು ನೀವು ಕೇಳಬಹುದು. ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಪಲಾವ್ ಈ ಮೂರೂ ಸ್ವತಂತ್ರ ದೇಶಗಳು, ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು. ಮೊದಲಿನ ಎರಡು 1986ರಲ್ಲಿ, ಪಲಾವ್ 1994ರಲ್ಲಿ ಅಮೆರಿಕದ ಜೊತೆ ಮುಕ್ತ ಸಹಯೋಗದ ಒಪ್ಪಂದಕ್ಕೆ ಬಂದವು. ಆ ಒಪ್ಪಂದದಂತೆ ಅಲ್ಲಿನವರು ವೀಸಾ ಇಲ್ಲದೆ ಅಮೆರಿಕದಲ್ಲಿ ದುಡಿಯಬಹುದು, ಅಮೆರಿಕದ ಸೈನ್ಯಕ್ಕೂ ಸೇರಬಹುದು. ಬದಲಿಗೆ ಆ ವಿಶಾಲ ಸಾಗರದಲ್ಲಿ ಬೇರೆ ಯಾವ ದೇಶದ ಸೇನೆಯೂ ಕಾಲಿಡದಂತೆ ತಡೆಯುವ ಹಕ್ಕು ಅಮೆರಿಕಕ್ಕೆ. ಮಜುರೊದ ಹೈಸ್ಕೂಲುಗಳಿಗೆ ಸೈನ್ಯಕ್ಕೆ ಆಳು ಸೇರಿಸುವವರು ಬರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಜನಸಂಖ್ಯೆಗೆ ಹೋಲಿಸಿದರೆ ಈ ಪುಟ್ಟ ದೇಶಗಳಿಂದ ಸೈನ್ಯಕ್ಕೆ ಹೋಗುವವರ ಪ್ರಮಾಣ ತುಂಬಾ ಹೆಚ್ಚು.

ಸಾರ್ಜೆಂಟ್ ನನ್ನ ಹತ್ತಿರ ಮೊದಲು ಬಂದದ್ದು ಗಾಯಕ್ಕಲ್ಲ, ಕಾಲು ಜೋಮು ಹಿಡಿಯುತ್ತದೆ ಎಂದು. ಆಗಷ್ಟೇ ನಮಗೆ ಪಾದ ಪರೀಕ್ಷೆಯ ನೈಲಾನ್ ಎಳೆಗಳು ಬಂದಿದ್ದವು. ಪುಟ್ಟ ಹಿಡಿಕೆಗೆ ಸಿಕ್ಕಿಸಿದ, ಮೀನಿನ ಗಾಳದ ದಾರದಂಥ ಒಂದು ಎಳೆ. ಅಂಗಾಲಿಗೆ ತಾಗಿಸಿ ಒತ್ತಿದಾಗ ಅದು ಬಾಗಿದರೆ ಸರಿಯಾಗಿ 10 ಗ್ರಾಂ ಭಾರ ಬಿದ್ದಿದೆ ಎಂದರ್ಥ. ರೋಗಿ ಕಣ್ಣು ಮುಚ್ಚಿರಬೇಕು, ತಾಗಿದಾಗಲೆಲ್ಲ 'ಹೂಂ' ಎನ್ನಬೇಕು. ಹೆಬ್ಬೆರಳ ತುದಿ, ಬೆರಳುಗಳ ಬುಡ, ಹಿಮ್ಮಡಿ ಹೀಗೆ ಒಂದೊಂದು ಪಾದದಲ್ಲಿ ಹತ್ತು ಜಾಗ.

ಅವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಪೆರೇಡಿನಲ್ಲಿ ಆಜ್ಞೆಗೆ ಕಾಯುವವರ ಹಾಗೆ ಕುಳಿತರು. ಎಡಗಾಲಿನಲ್ಲಿ ಆರು ಸಲ 'ಹೂಂ' ಬಂತು. ಬಲಗಾಲಿಗೆ ಶುರು ಮಾಡಿದೆ. ಒಂದು, ಎರಡು, ಮೂರು. ಹತ್ತೂ ಜಾಗ ಮುಗಿಸಿ ಎಳೆಯನ್ನು ಡಬ್ಬಿಗೆ ಹಾಕಿದೆ. ಅವರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು. 'ಸಿಸ್ಟರ್, ಈ ಕಾಲಿಗೆ ಯಾವಾಗ ಶುರು ಮಾಡುತ್ತೀರಿ?' ಎಂದು ಕೇಳಿದರು.

ನಾನು ಆ ಹೊತ್ತು ಏನು ಹೇಳಿದೆನೋ ನೆನಪಿಲ್ಲ. ಬರಿಗಾಲಲ್ಲಿ ನಡೆಯಬೇಡಿ ಎಂದಿರಬೇಕು. ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ.

ಆಮೇಲೆ ಬಂತು 2014ರ ಮಾರ್ಚ್. ತಿಂಗಳ ಮೊದಲ ವಾರದ ಒಂದು ಮುಂಜಾನೆ, ದೊಡ್ಡ ಉಬ್ಬರದ ಹೊತ್ತಿಗೆ ಸರಿಯಾಗಿ ಹೊರಗಡಲಿನ ಅಲೆಗಳೂ ಎದ್ದು ಮಜುರೊದ ಕೆಲವು ಕೇರಿಗಳಿಗೆ ನೀರು ನುಗ್ಗಿತು. ಜೆನ್ರೋಕ್ ಅದರಲ್ಲೊಂದು. ನೂರಾರು ಜನ ಶಾಲೆ, ಚರ್ಚುಗಳಲ್ಲಿ ಮಲಗಿದರು. ಅಲ್ಲಿ ಗೋರಿಗಳೂ ಕಡಲ ದಡದಲ್ಲೇ ಇವೆ, ಅಲೆಗೆ ಕೆಲವು ಕುಸಿದಿವೆ. ನೀರು ಎಂದರೆ ಬರೀ ಉಪ್ಪುನೀರಲ್ಲ. ಹಂದಿಗೂಡು, ಕಕ್ಕಸಿನ ಗುಂಡಿ, ಕಸದ ರಾಶಿ ಎಲ್ಲವನ್ನೂ ಕಲಕಿಕೊಂಡು ಬಂದ ನೀರು. ಸಾರ್ಜೆಂಟ್ ತಮ್ಮ ಬುಬುವನ್ನು, ಅಂದರೆ ಅಜ್ಜಿಯನ್ನು, ಬೆನ್ನಿಗೆ ಹಾಕಿಕೊಂಡು ಮೊಣಕಾಲುದ್ದದ ನೀರಿನಲ್ಲಿ ರಸ್ತೆ ದಾಟಿದರು. ಚಪ್ಪಲಿ ಮನೆಯಲ್ಲೇ ತೇಲುತ್ತಿತ್ತು. ಅಜ್ಜಿಯನ್ನು ಚರ್ಚಿನ ಚಾಪೆಯ ಮೇಲೆ ಕೂರಿಸಿದಾಗ, ಚಾಪೆಯ ಮೇಲೆ ಇದ್ಯಾರ ರಕ್ತ ಎಂದು ಅಜ್ಜಿಯೇ ಕೇಳಿದರಂತೆ. ಬಲ ಅಂಗಾಲಿನಲ್ಲಿ ತಗಡಿನ ಚೂರು ನೆಟ್ಟಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಮೂರನೆಯ ದಿನ ಬಂದರು. ಪಟ್ಟಿ ಬಿಚ್ಚಿದ ಕೂಡಲೆ ವಾಸನೆಯಲ್ಲೇ ನನಗೆ ತಿಳಿಯಿತು. ಇನ್ಸುಲಿನ್ ಏನಾಯಿತು ಎಂದರೆ, ಕರೆಂಟು ಹೋಗಿ ಫ್ರಿಜ್ಜು ನೀರಿನಲ್ಲಿ ನಿಂತಿದೆ, ಶೀಷೆ ಬಿಸಿಯಾಗಿದೆ ಎಂದರು. ಆ ತಿಂಗಳು ನಮ್ಮಲ್ಲೂ ಬೇಕಾದ ಆಂಟಿಬಯೋಟಿಕ್ ಎಲ್ಲವೂ ಇರಲಿಲ್ಲ, ಮುಂದಿನ ಹಡಗಿಗೆ ಬರುವುದಿತ್ತು. ಗಾಯ ತೊಳೆಯಿರಿ, ದಿನಕ್ಕೆ ಎರಡು ಸಲ ತೊಳೆಯಿರಿ ಎಂದು ಹೇಳಿ ಕಳಿಸಬೇಕಿತ್ತು. ಯಾವ ನೀರಿನಲ್ಲಿ? ಮಜುರೊದ ನಲ್ಲಿಗೆ ಬರುವ ನೀರು ಬಹುಪಾಲು ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಿದ್ದ ಮಳೆನೀರು. ಅದನ್ನು ಪಕ್ಕದ ಕೊಳಗಳಿಗೆ ಹರಿಸಿ, ಶುದ್ಧ ಮಾಡಿ, ವಾರದಲ್ಲಿ ಕೆಲವು ಹೊತ್ತು ಮಾತ್ರ ಬಿಡುತ್ತಾರೆ. 2013ರ ಜೂನ್‌ನಲ್ಲಿ ಕಡಲು ಅದೇ ರನ್‌ವೇಗೆ ನುಗ್ಗಿತ್ತು. ಅದೇ ವರ್ಷ ಉತ್ತರದ ದ್ವೀಪಗಳಲ್ಲಿ ಬರ. 2016ರಲ್ಲಿ ಮತ್ತೆ ಬರಕ್ಕೆ ದೇಶದಲ್ಲೇ ತುರ್ತುಸ್ಥಿತಿ. ಒಂದು ವರ್ಷ ನೀರು ಹೆಚ್ಚಾಗಿ, ಇನ್ನೊಂದು ವರ್ಷ ನೀರಿಲ್ಲದೆ ನಾನು ಗಾಯ ಕಟ್ಟಿದ್ದೇನೆ.

ಈಗ ನೀವೇ ಹೇಳಿ, ಆ ಪಾದ ಯಾವ ಇಲಾಖೆಗೆ ಸೇರಿದ್ದು? ಸಕ್ಕರೆ ಕಾಯಿಲೆ ಆದ್ದರಿಂದ ಆರೋಗ್ಯಕ್ಕೋ? ಸೈನ್ಯದಲ್ಲಿ ಸವೆಸಿದ ಕಾಲು ಆದ್ದರಿಂದ ಮಾಜಿ ಸೈನಿಕರ ಇಲಾಖೆಗೋ? ಕಡಲು ಮನೆಗೆ ನುಗ್ಗಿ ಆದ ಗಾಯ ಆದ್ದರಿಂದ ಹವಾಮಾನದ ನಿಧಿಗೋ? ಮೂರು ಕಡತ, ಮೂರು ಕಚೇರಿ, ಮೂರು ಅರ್ಜಿ. ಪ್ರತಿಯೊಂದರಲ್ಲೂ ಉಳಿದ ಎರಡರ ಕಡೆ ಕೈ ತೋರಿಸಲು ಜಾಗವಿದೆ. ಪಾದ ಮಾತ್ರ ಒಂದೇ.

ಆಗ ಆ ಮೂರು ದೇಶಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಒಂದೇ ಒಂದು ಚಿಕಿತ್ಸಾಲಯ ಇರಲಿಲ್ಲ. ಆ ಇಲಾಖೆಯ ವೈದ್ಯರನ್ನು ಕಾಣಬೇಕೆಂದರೆ ಸ್ವಂತ ಖರ್ಚಿನಲ್ಲಿ ಅಮೆರಿಕಕ್ಕೆ ಸೇರಿದ ಗುವಾಮ್ ದ್ವೀಪಕ್ಕೋ ಹೊನೊಲುಲುವಿಗೋ ಹಾರಬೇಕು. ಮಜುರೊದಿಂದ ಹೊನೊಲುಲುವಿಗೆ ಸುಮಾರು 3,700 ಕಿಲೋಮೀಟರ್, ಐದು ತಾಸಿನ ಹಾರಾಟ. ಗುವಾಮಿನಿಂದ ಹೊರಟು ಚೂಕ್, ಪೊನ್‌ಪೈ, ಕೊಸ್ರಾಯ್, ಕ್ವಾಜಲೀನ್, ಮಜುರೊ ಎಂದು ದ್ವೀಪದಿಂದ ದ್ವೀಪಕ್ಕೆ ಕುಪ್ಪಳಿಸುತ್ತಾ ಹೋಗುವ ವಿಮಾನ ಅದು. ದಿನಾಂಕದ ಗೆರೆ ದಾಟುವುದರಿಂದ ಮಜುರೊದಿಂದ ಸೋಮವಾರ ಸಂಜೆ ಹೊರಟರೆ ಹೊನೊಲುಲುವಿಗೆ ಅದೇ ಸೋಮವಾರದ ಬೆಳಗಿನ ಜಾವ ತಲುಪುತ್ತೀರಿ. ಸಾರ್ಜೆಂಟರ ಟಿಕೆಟ್ಟಿಗೆ ಸಾವಿರ ಡಾಲರಿಗೂ ಮೇಲೆ ಬೇಕಿತ್ತು. ಚರ್ಚಿನವರು ಎರಡು ಭಾನುವಾರ ಹಣ ಎತ್ತಿದರು. ಆ ಎರಡು ಭಾನುವಾರಗಳಲ್ಲಿ ಪಾದದ ಕಪ್ಪು ಹಿಮ್ಮಡಿಯಿಂದ ಗಂಟಿಗೆ ಏರಿತು. ನಾನು ದಿನವೂ ಪೆನ್ನಿನಲ್ಲಿ ಅದರ ಅಂಚಿಗೆ ಗೆರೆ ಎಳೆಯುತ್ತಿದ್ದೆ, ಮರುದಿನ ಗೆರೆ ದಾಟಿರುತ್ತಿತ್ತು. ಹೊನೊಲುಲುವಿನಲ್ಲಿ ಮೊಣಕಾಲ ಕೆಳಗೆ ತೆಗೆದರು. ತೆಗೆದವರನ್ನು ದೂರುವುದಿಲ್ಲ, ಅವರ ಕೈಗೆ ಬಂದಾಗ ಬೇರೆ ದಾರಿ ಇರಲಿಲ್ಲ.

ಒಂದು ತಪ್ಪು ನನ್ನದೂ ಇದೆ. ಎಳೆಯ ಪರೀಕ್ಷೆ ಮಾಡಿದ ದಿನವೇ ಅವರ ಮನೆಯವರನ್ನು ಕರೆಸಿ, ಈ ಕಾಲಿಗೆ ನೋವೇ ತಿಳಿಯುವುದಿಲ್ಲ, ದಿನವೂ ನೀವು ಕಣ್ಣಿನಿಂದ ನೋಡಬೇಕು ಎಂದು ಕೂತು ಹೇಳಬೇಕಿತ್ತು. ಸಾಲಿನಲ್ಲಿ ನಲವತ್ತು ಜನ ಇದ್ದರು. ಹೇಳಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಸಕ್ಕರೆ ಕಾಯಿಲೆ ಅಲ್ಲಿ ಅಷ್ಟು ಹಬ್ಬಿದ್ದು ಏಕೆ ಎಂದು ಕೇಳುವವರು, ತಿನ್ನುವುದರಲ್ಲಿ ಹಿಡಿತವಿಲ್ಲ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಜೀಗುಜ್ಜೆ, ಕೇದಗೆ ಜಾತಿಯ ಹಣ್ಣು, ಕೆಸುವಿನ ಗೆಡ್ಡೆ, ತೆಂಗು, ಮೀನು ತಿಂದು ದೋಣಿ ಕಟ್ಟಿ ಬದುಕಿದ್ದ ಜನ ಅವರು. 1946ರಲ್ಲಿ ಅದೇ ದೇಶದ ಬಿಕಿನಿ ದ್ವೀಪದ 167 ಜನರನ್ನು ಮನುಕುಲದ ಒಳಿತಿಗಾಗಿ ಎಂದು ಹೇಳಿ ಅಮೆರಿಕದವರು ಎಬ್ಬಿಸಿದರು. 1958ರವರೆಗೆ ಬಿಕಿನಿ ಮತ್ತು ಎನಿವೆಟಕ್‌ಗಳಲ್ಲಿ ಅಮೆರಿಕ 67 ಅಣ್ವಸ್ತ್ರ ಪರೀಕ್ಷೆ ನಡೆಸಿತು. 1954ರ ಮಾರ್ಚ್ 1ರಂದು ಸಿಡಿಸಿದ 'ಬ್ರಾವೊ' ಬಾಂಬಿನ ಶಕ್ತಿ 15 ಮೆಗಾಟನ್, ಹಿರೋಷಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು. ರೊಂಗೆಲಪ್ ದ್ವೀಪದ ಮೇಲೆ ಬಿಳಿ ಪುಡಿ ಮಳೆಯಂತೆ ಬಿತ್ತು, ಮಕ್ಕಳು ಅದರಲ್ಲಿ ಆಡಿದರು. ಎರಡು ದಿನಗಳ ಮೇಲೆ ಅವರನ್ನು ಸಾಗಿಸಿದರು. 1957ರಲ್ಲಿ ಅಪಾಯವಿಲ್ಲ ಎಂದು ಹೇಳಿ ವಾಪಸು ಕಳಿಸಿದರು. ಥೈರಾಯ್ಡ್ ಗಂಟುಗಳನ್ನು, ಉಳಿಯದ ಬಸಿರುಗಳನ್ನು ಕಂಡು ಕಂಡು ಸಾಕಾಗಿ 1985ರಲ್ಲಿ ಅವರೇ ಊರು ಬಿಟ್ಟರು. ನೆಲ ಹೋಯಿತು, ನೆಲದ ಊಟ ಹೋಯಿತು, ಬಂದದ್ದು ಹಡಗಿನಲ್ಲಿ ಬಿಳಿ ಅಕ್ಕಿ, ಮೈದಾ, ಡಬ್ಬಿಯ ಮಾಂಸ. ಮೂರು ತಲೆಮಾರು ಅದನ್ನೇ ತಿಂದವರ ಅಂಗಾಲನ್ನೇ ನಾನು ನೈಲಾನ್ ಎಳೆಯಿಂದ ಒತ್ತಿ ನೋಡುತ್ತಿದ್ದದ್ದು.

ಮೊದಲ ಒಪ್ಪಂದದಲ್ಲಿ ಅಣುಪರೀಕ್ಷೆಯ ಪರಿಹಾರಕ್ಕೆಂದು ಇಟ್ಟ ನಿಧಿ 15 ಕೋಟಿ ಡಾಲರ್. ನಷ್ಟ ಲೆಕ್ಕ ಹಾಕಲು ಅದೇ ಒಪ್ಪಂದದಡಿ ಕೂತ ನ್ಯಾಯಮಂಡಳಿ ತೀರ್ಪು ಕೊಟ್ಟ ಮೊತ್ತ 200 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಪಾವತಿಯಾಗಲೇ ಇಲ್ಲ, ನಿಧಿಯಲ್ಲಿ ಹಣವೇ ಮುಗಿದಿತ್ತು. ಆದ್ದರಿಂದ ಸಂಪಾದಕರೆ, 'ನೆರವು' ಎಂಬ ಪದ ನನಗೆ ಚುಚ್ಚಿತು. ತೀರ್ಪಾಗಿಯೂ ಸಲ್ಲದೆ ಉಳಿದ ಹಣವನ್ನು ಕನ್ನಡದಲ್ಲಿ ಬಾಕಿ ಎನ್ನುತ್ತೇವೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅಮೆರಿಕಕ್ಕೆ ಬಂದು ದುಡಿದು ತೆರಿಗೆ ಕಟ್ಟುತ್ತಿದ್ದ ಈ ದ್ವೀಪಗಳ ಜನರಿಗೆ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ 1996ರ ಕಾಯ್ದೆಯಿಂದ ತಪ್ಪಿಹೋಯಿತು. ಮತ್ತೆ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ. ಇಪ್ಪತ್ನಾಲ್ಕು ವರ್ಷ. ಕೋವಿಡ್ ಬಂದಾಗ ಆರ್ಕನ್ಸಾದ ಸ್ಪ್ರಿಂಗ್‌ಡೇಲ್ ಊರಿನ ಕೋಳಿಮಾಂಸದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಾರ್ಷಲ್ ಜನ ತಮ್ಮ ಸಂಖ್ಯೆಗೆ ಮೀರಿ ಸತ್ತರು. ಮಜುರೊದಲ್ಲಿ ನಾನು ಪಟ್ಟಿ ಕಟ್ಟಿದ್ದ ಎರಡು ಮನೆಗಳವರು ಅಲ್ಲಿದ್ದರು. ಸುದ್ದಿ ಫೋನಿನಲ್ಲಿ ಬಂತು.

ಈಗ ನಿಮ್ಮ ಸುದ್ದಿಯ ವಿಷಯಕ್ಕೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಒಪ್ಪಂದಗಳನ್ನು ನವೀಕರಿಸಿತು. ಮೂರು ದೇಶಗಳಿಗೆ ಸೇರಿ 20 ವರ್ಷಗಳಲ್ಲಿ 710 ಕೋಟಿ ಡಾಲರ್, ಅದರಲ್ಲಿ ಮಾರ್ಷಲ್ ದ್ವೀಪಗಳಿಗೆ ಸುಮಾರು 230 ಕೋಟಿ. ಜೊತೆಗೆ ನನಗೆ ಕಣ್ಣಲ್ಲಿ ನೀರು ತರಿಸಿದ ಒಂದು ಭಾಗವೂ ಇತ್ತು. ಮಾಜಿ ಸೈನಿಕರು ಈ ದ್ವೀಪಗಳಲ್ಲೇ ಇದ್ದರೂ ಅವರಿಗೆ ಅಲ್ಲೇ ಚಿಕಿತ್ಸೆ ಕೊಡಲು, ಫೋನು-ವಿಡಿಯೊ ಮೂಲಕ ವೈದ್ಯರನ್ನು ಕಾಣಿಸಲು, ಔಷಧಿಯನ್ನು ಅಂಚೆಯಲ್ಲಿ ಕಳಿಸಲು, ಪ್ರಯಾಣದ ಖರ್ಚು ಭರಿಸಲು ಇಲಾಖೆಗೆ ಅಧಿಕಾರ ಸಿಕ್ಕಿತು. ಅಂದು ರಾತ್ರಿಯೇ ಸಾರ್ಜೆಂಟರಿಗೆ ಫೋನ್ ಮಾಡಿ ಓದಿ ಹೇಳಿದೆ. 'ಅಧಿಕಾರ ಸಿಕ್ಕಿತು ಎಂದರೆ ಮಾತ್ರೆ ಬರುತ್ತದೆ ಎಂದೋ, ಬರಬಹುದು ಎಂದೋ?' ಎಂದು ಕೇಳಿದರು. ಸೈನ್ಯದಲ್ಲಿದ್ದವರಿಗೆ ಆಜ್ಞೆಗೂ ಅನುಮತಿಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮಾರ್ಷಲ್ ದ್ವೀಪಗಳಿಗೆ ಇಂದಿಗೂ ಅಮೆರಿಕದ ಅಂಚೆಯೇ ಹೋಗುತ್ತದೆ. ಮಜುರೊಗೆ ಅಮೆರಿಕದ್ದೇ ಪಿನ್‌ಕೋಡ್ ಇದೆ, 96960. ಸೈನ್ಯ ಸೇರಿರಿ ಎಂಬ ಕಾಗದ ಹದಿನೆಂಟರ ಹುಡುಗನಿಗೆ ತಲುಪುವ ಆ ವಿಳಾಸಕ್ಕೆ, ಅವನಿಗೆ ಐವತ್ತಾದಾಗ ರಕ್ತದೊತ್ತಡದ ಮಾತ್ರೆಯೂ ತಲುಪಬೇಕು. ನಾನು ಕೇಳುವುದು ಇಷ್ಟೇ.

ಮಾರ್ಷಲ್ ಒಂದರದೇ ಕಥೆ ಎಂದುಕೊಳ್ಳಬೇಡಿ. ಅಮೆರಿಕದ ಧ್ವಜದಡಿಯಲ್ಲೇ ಇರುವ ಗುವಾಮ್, ಸೈಪಾನ್, ಅಮೆರಿಕನ್ ಸಮೋವಾಗಳಿಂದಲೂ ಮನೆಮನೆಯಿಂದ ಸೈನ್ಯಕ್ಕೆ ಹೋಗುತ್ತಾರೆ. ಅಲ್ಲಿನವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ, ಮೆಡಿಕೇಡ್ ಹಣಕ್ಕೆ ವಾರ್ಷಿಕ ಮಿತಿಯಿದೆ. ಸೈಪಾನ್ ಮತ್ತು ಟಿನಿಯಾನ್ ಮೇಲೆ 2018ರ ಅಕ್ಟೋಬರಿನಲ್ಲಿ 'ಯೂಟೂ' ಚಂಡಮಾರುತ ಬೀಸಿತು, ಗುವಾಮಿನ ಮೇಲೆ 2023ರ ಮೇ ತಿಂಗಳಲ್ಲಿ 'ಮಾವಾರ್'. ದೊಡ್ಡ ಬಿರುಗಾಳಿ ಬೀಸಿದಾಗ ಮೊದಲು ಹೋಗುವುದು ಕರೆಂಟು, ಆಮೇಲೆ ನೀರು. ಆಗ ಆಸ್ಪತ್ರೆ ಎಂಬುದು ಜನರೇಟರಿನ ಡೀಸೆಲ್ ಇರುವವರೆಗೆ ಮಾತ್ರ.

ಹಣವನ್ನು ಎಲ್ಲಿ ಹಾಕಬೇಕು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ರಿಬ್ಬನ್ ಕತ್ತರಿಸುವಂಥ ಕಟ್ಟಡದಿಂದ ಶುರು ಮಾಡಬೇಡಿ ಎನ್ನುತ್ತಿದ್ದೆ. ಹೊರದ್ವೀಪಗಳಲ್ಲಿ ಒಂದು ಕೋಣೆಯ ಔಷಧಾಲಯ ಇರುತ್ತದೆ, ಅದರಲ್ಲಿ ಹೆಲ್ತ್ ಅಸಿಸ್ಟೆಂಟ್ ಎಂಬ ಒಬ್ಬರೇ ಒಬ್ಬರು, ಅವರ ಬಳಿ ಒಂದು ರೇಡಿಯೊ. ಹೆರಿಗೆಯಿಂದ ಹಿಡಿದು ಶಾರ್ಕ್ ಕಚ್ಚಿದ್ದಕ್ಕೂ ಅವರೇ. ರೇಡಿಯೊದಲ್ಲಿ ಅವರ ದನಿ ಕರಕರ ಎನ್ನುವಾಗ ನಾನು ಈ ಕಡೆಯಿಂದ ಗಾಯದ ಬಣ್ಣ ಕೇಳುತ್ತಿದ್ದೆ. ಅವರ ಸಂಬಳ, ಅವರ ತರಬೇತಿ, ಅವರ ಕೋಣೆಯಲ್ಲಿ ಸೂರ್ಯನ ಬಿಸಿಲಿಗೆ ನಡೆಯುವ ಒಂದು ಪುಟ್ಟ ಫ್ರಿಜ್ಜು, ತಾರಸಿಯ ಮಳೆನೀರಿಗೆ ಮುಚ್ಚಳವಿರುವ ತೊಟ್ಟಿ. ತೊಟ್ಟಿಯನ್ನು ನೆಲದಿಂದ ಎತ್ತರದಲ್ಲಿ ಕಟ್ಟಬೇಕು, ಕಡಲ ನೀರು ಒಮ್ಮೆ ಹೊಕ್ಕರೆ ಅಷ್ಟೂ ನೀರು ಹಾಳು. ಇವು ಆರೋಗ್ಯದ ಖರ್ಚೋ ಹವಾಮಾನದ ಖರ್ಚೋ ನನಗೆ ತಿಳಿಯದು. ಇವು ಇದ್ದ ಕಡೆ ಕಾಲು ಉಳಿದದ್ದನ್ನು ನೋಡಿದ್ದೇನೆ. ಮಾಜಿ ಸೈನಿಕರ ಇಲಾಖೆ ಹೊಸ ಚಿಕಿತ್ಸಾಲಯ ಕಟ್ಟಲು ಹತ್ತು ವರ್ಷ ಕಾಯುವುದೂ ಬೇಡ. ಇರುವ ಆಸ್ಪತ್ರೆಯ ಒಂದು ಕೋಣೆಗೆ ನರ್ಸನ್ನೂ ಔಷಧಿಯನ್ನೂ ಕೊಟ್ಟರೆ ಸಾರ್ಜೆಂಟರಂಥವರ ಜೊತೆ ಸಾಲಿನಲ್ಲಿ ನಿಂತ ಬುಬುಗಳಿಗೂ ಉಪಯೋಗ.

ಆ ನರ್ಸು ದ್ವೀಪದ ಹುಡುಗಿಯೇ ಆಗಿರಲಿ. ನನ್ನಂಥವರು ಬರುತ್ತೇವೆ, ಒಂಬತ್ತು ವರ್ಷ ಇರುತ್ತೇವೆ, ಹೊರಟುಬಿಡುತ್ತೇವೆ. ರೋಗಿಯ ಅಜ್ಜಿ ಏನು ಹೇಳುತ್ತಿದ್ದಾಳೆ ಎಂಬುದು ನನಗೆ ಅರ್ಥವಾಗಲು ನಾಲ್ಕು ವರ್ಷ ಹಿಡಿದಿತ್ತು.

ಕಡಲಿನ ಲೆಕ್ಕ ನನ್ನ ಕೈಗೆ ಮೀರಿದ್ದು. ಆದರೂ ಒಂದು ಮಾತು. ಕ್ವಾಜಲೀನ್ ಉಂಗುರದಲ್ಲಿ ಅಮೆರಿಕದ ಕ್ಷಿಪಣಿ ಪರೀಕ್ಷಾ ನೆಲೆ ಇದೆ. ಅದರ ಪಕ್ಕದ ಎಬೈ ಎಂಬ ಚೂರು ನೆಲದಲ್ಲಿ, ಅರ್ಧ ಚದರ ಕಿಲೋಮೀಟರೂ ಇಲ್ಲದ ಜಾಗದಲ್ಲಿ, ಎಂಟು-ಹತ್ತು ಸಾವಿರ ಜನ ಒತ್ತಿಕೊಂಡಿದ್ದಾರೆ. ನೆಲೆಯ ಭಾಗವಾದ ರೊಯ್-ನಮೂರ್ ದ್ವೀಪದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲೇ ವಿಜ್ಞಾನಿಗಳು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಅಲೆಗಳು ಮತ್ತೆ ಮತ್ತೆ ಮೇಲೇರಿ ಹರಿದು, ಈ ಶತಮಾನದ ನಡುವಿನ ಹೊತ್ತಿಗೆ ಇಂಥ ಬಹುತೇಕ ದ್ವೀಪಗಳ ನೆಲದಡಿಯ ಸಿಹಿನೀರು ಕುಡಿಯಲು ಬಾರದಂತಾಗಬಹುದು ಎಂದು ಅದರಲ್ಲಿದೆ. 2024ರ ಜನವರಿ 20ರಂದು ಅದೇ ರೊಯ್-ನಮೂರ್‌ನಲ್ಲಿ ಅಲೆ ಸೇನೆಯ ಊಟದ ಮನೆಯ ಬಾಗಿಲು ಒಡೆದು ಒಳನುಗ್ಗಿದ ವಿಡಿಯೊವನ್ನು ಜಗತ್ತೆಲ್ಲ ನೋಡಿತು. ಜೆನ್ರೋಕ್‌ನ ಅಡುಗೆಮನೆಗಳಲ್ಲಿ ಕ್ಯಾಮೆರಾ ಇರಲಿಲ್ಲ. ಮಾರ್ಷಲ್ ಸರ್ಕಾರ ತನ್ನ ಜನ ಅಲ್ಲೇ ಉಳಿಯಲು ಬೇಕಾದ ಯೋಜನೆಯನ್ನು 2023ರಲ್ಲಿ ಮುಂದಿಟ್ಟಿತು. ನೆಲ ಎತ್ತರಿಸಿ, ದಡಕ್ಕೆ ಗೋಡೆ ಕಟ್ಟಲು ಬೇಕಾದ ಹಣ ಸುಮಾರು 3,500 ಕೋಟಿ ಡಾಲರ್. ಮೇಲೆ ಹೇಳಿದ 230 ಕೋಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಎಲ್ಲಿಗಾದರೂ ಹೋಗಲಿ ಎನ್ನುವವರಿಗೆ, ಆಸ್ಟ್ರೇಲಿಯಾ ಟುವಾಲು ಎಂಬ ಪುಟ್ಟ ದ್ವೀಪದೇಶದ ಜನರಲ್ಲಿ ವರ್ಷಕ್ಕೆ 280 ಮಂದಿಗೆ ಬಾಗಿಲು ತೆರೆದಿದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಬೇರೆಯಿಲ್ಲ. ಹೋಗುವ ಹಕ್ಕು ಇರಲಿ, ಹೋಗದಿರುವ ಹಕ್ಕೂ ಇರಲಿ. ಮಾರ್ಷಲ್ ದ್ವೀಪಗಳ ವಿದೇಶಾಂಗ ಸಚಿವರಾಗಿದ್ದ ಟೋನಿ ಡಿಬ್ರಮ್ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅಜ್ಜನ ಜೊತೆ ಮೀನು ಹಿಡಿಯುತ್ತಾ ಬ್ರಾವೊದ ಬೆಳಕನ್ನು ಕಂಡವರು. 2015ರಲ್ಲಿ ಪ್ಯಾರಿಸ್‌ನ ಹವಾಮಾನ ಸಭೆಯಲ್ಲಿ ಭೂಮಿಯ ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಿ ಎಂದು ದೇಶ ದೇಶಗಳನ್ನು ಜೊತೆಗೂಡಿಸಿದವರೂ ಅವರೇ. ಅವರು 2017ರಲ್ಲಿ ತೀರಿಕೊಂಡ ದಿನ ಮಜುರೊದ ವಾರ್ಡಿನಲ್ಲಿ ರೇಡಿಯೊ ಸುತ್ತ ಸೇರಿದವರಲ್ಲಿ ನಾನೂ ಇದ್ದೆ.

ಭಾರತದ ಕನ್ನಡ ಪತ್ರಿಕೆಗೆ ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ದೇಶವೂ ಅಲ್ಲಿ ಮಾತು ಕೊಟ್ಟಿದೆ. 2023ರ ಮೇ 22ರಂದು ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೊರ್ಸ್‌ಬಿಯಲ್ಲಿ ಪೆಸಿಫಿಕ್‌ನ 14 ದ್ವೀಪರಾಷ್ಟ್ರಗಳ ಜೊತೆ ನಡೆದ ಸಭೆಯಲ್ಲಿ ಪ್ರಧಾನಿಯವರು ಡಯಾಲಿಸಿಸ್ ಘಟಕ, ಸಮುದ್ರ ಆಂಬುಲೆನ್ಸ್, ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ, ಕಡಿಮೆ ಬೆಲೆಯ ಔಷಧಿಯ ಜನೌಷಧಿ ಕೇಂದ್ರ, ಜೈಪುರ ಕಾಲಿನ ಶಿಬಿರಗಳನ್ನು ಘೋಷಿಸಿದರು. ಆ ಪಟ್ಟಿ ಮಾಡಿದವರು ಯಾರೋ ದ್ವೀಪದ ಆಸ್ಪತ್ರೆಯನ್ನು ಕಂಡವರೇ ಇರಬೇಕು, ಅಷ್ಟು ಸರಿಯಾಗಿದೆ. ಘೋಷಣೆಯಾದ ದಿನ ನಿಮ್ಮಲ್ಲಿ ಚಿತ್ರಸಹಿತ ಸುದ್ದಿ ಬಂದಿತ್ತು. ಆಮೇಲೆ ಯಾವ ಯಂತ್ರ ಯಾವ ದ್ವೀಪದ ಬಂದರಿನಲ್ಲಿ ಇಳಿಯಿತು, ಅದನ್ನು ನಡೆಸಲು ಯಾರನ್ನು ತಯಾರು ಮಾಡಿದರು, ಕೆಟ್ಟರೆ ಬಿಡಿಭಾಗ ಎಲ್ಲಿಂದ ಬರುತ್ತದೆ ಎಂದು ನಿಮ್ಮ ದೆಹಲಿಯ ವರದಿಗಾರರು ವರ್ಷಕ್ಕೊಮ್ಮೆಯಾದರೂ ಕೇಳಿ ಬರೆಯಲಿ ಎಂಬುದು ನನ್ನ ಕೋರಿಕೆ. ಬಿಡಿಭಾಗದ ಮಾತನ್ನು ಮರೆಯಬಾರದು. ಉಪ್ಪು ಗಾಳಿಯಲ್ಲಿ ಹೊಸ ಯಂತ್ರ ಎರಡೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ನಮ್ಮ ವಾರ್ಡಿನ ಹಿಂದೆ ಯಾವ ಯಾವುದೋ ದೇಶದ ಧ್ವಜದ ಚೀಟಿ ಅಂಟಿಸಿದ ಯಂತ್ರಗಳು ತಾಡಪಾಲು ಹೊದ್ದು ಸಾಲಾಗಿ ನಿಂತಿರುತ್ತಿದ್ದವು. ಕೋಳಿಗಳು ಅದರಡಿ ಮೊಟ್ಟೆ ಇಡುತ್ತಿದ್ದವು.

ಜೈಪುರ ಕಾಲಿನ ಶಿಬಿರದ ಸುದ್ದಿಯನ್ನು ನಾನು ಸಾರ್ಜೆಂಟರಿಗೆ ಹೇಳಿದ್ದೆ. ಹೊನೊಲುಲುವಿನಲ್ಲಿ ಕೊಟ್ಟ ಕೃತಕ ಕಾಲು ಅವರಿಗಿದೆ, ಆದರೆ ಅದರ ಕೀಲಿಗೆ ಮರಳು, ಉಪ್ಪು ಸೇರಿ ಬಿಗಿದುಕೊಳ್ಳುತ್ತದೆ. ಕಡಲಿಗೆ ಇಳಿಯುವಾಗ ಅದನ್ನು ಬಿಚ್ಚಿ ಬೆಸ್ತರ ಹುಡುಗರ ಕೈಗೆ ಕೊಟ್ಟು ದೋಣಿ ಹತ್ತುತ್ತಾರೆ. ನೀರಿನಲ್ಲೂ ನಡೆಯುವಂಥ ಕಾಲು ನಮ್ಮ ದೇಶದಲ್ಲಿ ಮಾಡುತ್ತಾರೆ ಎಂದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಅದು ಬಂದರೆ ಅಜ್ಜಿಯ ಗೋರಿಯವರೆಗೆ ದಡದಲ್ಲೇ ನಡೆದು ಹೋಗಬಹುದು ಎಂದರು.

ತಿಂಗಳಿಗೊಮ್ಮೆ ನಾವು ಮಾತಾಡುತ್ತೇವೆ. 'ಯೊಕ್ವೆ, ಸಿಸ್ಟರ್', ಅಂದರೆ ನಮಸ್ಕಾರ ಸಿಸ್ಟರ್, ಎಂದು ಶುರು ಮಾಡಿ ಅವರು ಪ್ರತಿಸಲ ಮೂರು ಸಂಗತಿಯನ್ನು ಅದೇ ಕ್ರಮದಲ್ಲಿ ಹೇಳುತ್ತಾರೆ. ಮೊನ್ನೆ ಹೇಳಿದ್ದು ಹೀಗೆ. ಬೆಳಗಿನ ಸಕ್ಕರೆ 148. ಹುಣ್ಣಿಮೆಯ ಉಬ್ಬರಕ್ಕೆ ನೀರು ಹಂದಿಗೂಡಿನ ಎರಡನೆಯ ಇಟ್ಟಿಗೆಯವರೆಗೆ. ಅಂಚೆ ಕಚೇರಿಗೆ ಹೋಗಿದ್ದೆ, ಡಬ್ಬಿಯಲ್ಲಿ ಏನೂ ಇರಲಿಲ್ಲ, ಗುರುವಾರ ಇನ್ನೊಂದು ವಿಮಾನ ಬರುತ್ತದೆ.

ಇಂತು,
ಒಬ್ಬ ನಿವೃತ್ತ ನರ್ಸ್,
ಹೊನೊಲುಲು